ಆರೋಗ್ಯ ಕೇಂದ್ರಕ್ಕೂ ಬೇಕು ಅನುಭವ ಗೋಷ್ಠಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ, ಬಟ್ಟೆ ಮಡಿ ಮಾಡುವ ಮಾಚಯ್ಯನವರು, ದೋಣಿ ನಡೆಸುವ ಚೌಡಯ್ಯನವರು, ಹಗ್ಗ ಹೊಸೆಯುವ ಚಂದಯ್ಯನವರು ಸರಿಸಮಾನರಾಗಿ ಕುಳಿತು ಮಾತನಾಡಿದರೆಂಬುದು ಶರಣ ಪರಂಪರೆಯ ಹಿರಿಮೆ. ವೈದ್ಯ ಸಂಗಣ್ಣನವರೂ ವಚನಕಾರರೇ. ಅರಿವು ಒಬ್ಬರ ಸೊತ್ತಲ್ಲ, ಕೂಡಿ ಕುಳಿತಲ್ಲಿ ಬೆಳೆಯುವಂಥದು. ಈ ತತ್ತ್ವವು ಧರ್ಮಗೋಷ್ಠಿಗೆ ಮಾತ್ರ ಮೀಸಲಾಗದೆ ರೋಗಿಯ ಹಾಸಿಗೆಯ ಬಳಿಗೂ ಬರಬೇಕಾಗಿದೆ.

ನಮ್ಮ ಜಾವಗಲ್ ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ರಾಗಿ, ತೆಂಗುಗಳನ್ನು ನಂಬಿದ ಸುತ್ತಣ ಹಳ್ಳಿಗಳ ಬಡವನಿಗೆ ಹಾಸನದ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿಯನ್ನು ಕಳೆದುಕೊಂಡಂತೆ. ಆದುದರಿಂದ ಅವನ ಆರೈಕೆ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯಿಂದ ತೊಡಗಿ ಶುಶ್ರೂಷಕಿ, ಪ್ರಯೋಗಾಲಯದವರು, ಔಷಧ ಕೊಡುವವರು, ವೈದ್ಯರು ಎಂಬ ಹಲವರ ಕೈ ದಾಟಿ ಸಾಗುತ್ತದೆ. ಈ ಕೈಗಳು ಒಂದನ್ನೊಂದು ಹಿಡಿಯದಿದ್ದರೆ ನಡುವೆ ಜಾರಿ ಬೀಳುವವನು ರೋಗಿಯೇ.

ನಮ್ಮ ಬಂಧುವರ್ಗದ ಹಿರಿಯರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಕ್ಷಯವೆಂದು ತಿಳಿಯಿತು. ಆರು ತಿಂಗಳ ಔಷಧ ತೊಡಗಿತು. ರಿಫಾಂಪಿಸಿನ್ ಎಂಬ ಗುಳಿಗೆಯಿಂದ ಮೂತ್ರ ಕೆಂಪಾಗುವುದು ಸಹಜ, ಅದರಿಂದ ಅಪಾಯವಿಲ್ಲ. ಅವರಾದರೋ ರಕ್ತವೇ ಹೋಗುತ್ತಿದೆಯೆಂದು ಬೆದರಿ ಗುಳಿಗೆಗಳನ್ನು ಮಡಕೆಯೊಳಗೆ ಹಾಕತೊಡಗಿದರು. ಆಶಾ ಕಾರ್ಯಕರ್ತೆಗೆ ಇದು ಗೊತ್ತಿತ್ತು. ಭಯದ ಕಾರಣ ಗೊತ್ತಿರಲಿಲ್ಲ. ಔಷಧ ಕೊಡುವವರಿಗೆ ಬಣ್ಣದ ಸಂಗತಿ ಗೊತ್ತಿತ್ತು. ಗುಳಿಗೆ ನಿಂತುದು ಗೊತ್ತಿರಲಿಲ್ಲ. ವೈದ್ಯರಿಗೆ ಎರಡೂ ಮುಟ್ಟಲಿಲ್ಲ. ಕಾಯಿಲೆ ಮರುಕಳಿಸಿತು, ಔಷಧಕ್ಕೆ ಬಗ್ಗದಾಯಿತು. ಮುಂದಿನ ಚಿಕಿತ್ಸೆ ದೀರ್ಘವೂ ಕಠಿಣವೂ ಆಗಿ, ಅವರು ಉಳಿಯಲಿಲ್ಲ. ಯಾರಲ್ಲಿಯೂ ನಿಷ್ಠೆಗೆ ಕೊರತೆಯಿರಲಿಲ್ಲ. ಎಲ್ಲರೂ ಕೂಡಿ ಕೂರುವ ಒಂದು ಗಳಿಗೆ ಇರಲಿಲ್ಲ.

ಇದು ಆಗದ ಕೆಲಸವೇನಲ್ಲ. ನಮ್ಮ ನಾಡಿನಲ್ಲಿಯೇ ಇದರ ಮೇಲ್ಪಂಕ್ತಿಯುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಸಕಲವಾರದ ಸುತ್ತಣ ಹಳ್ಳಿಗಳಲ್ಲಿ ಮಾಡಿದ ಪ್ರಯತ್ನದ ಅನುಭವದಿಂದ, 1980ರ ದಶಕದಲ್ಲಿ ರಾಜ್ಯ ಸರ್ಕಾರದೊಡನೆ ಸೇರಿ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ದೊರೆಯಿತು. ಕಾರ್ಯಕರ್ತೆ ಹಳ್ಳಿಯಲ್ಲಿ ಗುರುತಿಸಿದುದನ್ನು ವೈದ್ಯರು ಕೇಳಿಸಿಕೊಂಡರು. ವೈದ್ಯರ ಸಂಶಯಕ್ಕೆ ತಜ್ಞರು ಉತ್ತರ ಹೇಳಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ ಬೇರೆ ಭಾಗಗಳಿಗೂ ಕಾಲಿಟ್ಟಿತು.

ನಮ್ಮ ಹೋಬಳಿಯಲ್ಲಿ ಆಗಬೇಕಾದುದೂ ಇಷ್ಟೇ. ತಿಂಗಳಿಗೊಂದು ಸಂಜೆ ಎಲ್ಲರೂ ಒಂದೆಡೆ ಸೇರಬೇಕು. ಲೆಕ್ಕಪತ್ರ ಒಪ್ಪಿಸುವ ಸಭೆ ಬೇರೆ, ಇದು ಬೇರೆ. ಒಬ್ಬ ರೋಗಿಯ ಕಥೆಯನ್ನು ಎತ್ತಿಕೊಂಡು, ಯಾರ ಮೇಲೂ ತಪ್ಪು ಹೊರಿಸದೆ, ಎಲ್ಲಿ ಏನಾಯಿತೆಂದು ವಿಚಾರಿಸಬೇಕು. ಮೊದಲು ಆಶಾ ಕಾರ್ಯಕರ್ತೆ ಮಾತನಾಡಲಿ, ಕೊನೆಗೆ ವೈದ್ಯರು. ಹಿರಿಯರು ಮೊದಲು ನುಡಿದರೆ ಕಿರಿಯರ ಬಾಯಿ ಕಟ್ಟಿಹೋಗುವುದು ಲೋಕರೂಢಿ.

ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಇಂದು ವೈದ್ಯರೋ ಶುಶ್ರೂಷಕರೋ ಆಗಿರುವ ಬಂಧುಗಳು ಇದಕ್ಕೆ ಮುಂದಾದರೆ ಲೇಸು. ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರಿಗೆ ಒಂದೇ ಪಂಕ್ತಿಯಲ್ಲಿ ಕುಳಿತು ಕಲಿಯುವುದು ಕಷ್ಟವಾಗಲಾರದು. ಅನ್ನದಂತೆ ಅರಿವೂ ದಾಸೋಹವಾಗಲಿ.