ಬಾಗಿಲು ಮುಚ್ಚುವ ಪದ

‘ನಾಳೆ ಡೆಫಿನೆಟ್ಲಿ ಬರುತ್ತೇನೆ’ ಎಂದವರು ಬಾರದೆ ಹೋಗುವುದು ಲೋಕದಲ್ಲಿ ಹೊಸ ಸಂಗತಿಯಲ್ಲ. ಆ ಇಂಗ್ಲಿಷ್ ಕ್ರಿಯಾವಿಶೇಷಣವು ಆಡಿದವರ ಮನಸ್ಸಿನ ದೃಢತೆಯನ್ನು ತಿಳಿಸುತ್ತದೆ. ನಾಳೆ ನಡೆಯಲಿರುವುದಕ್ಕೆ ಅದು ಹೊಣೆಯಲ್ಲ. ಅದೇ ಕುಲಕ್ಕೆ ಸೇರಿದ ‘ಕನ್‌ಕ್ಲೂಸಿವ್ಲಿ’ ಎಂಬ ಪದದ ಸ್ವಭಾವವಾದರೋ ಬೇರೆ. ‘ಮುಚ್ಚು’ ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವೊಂದು ಅದರ ಮೂಲ. ಸಂಶಯವು ಮರಳಿ ಒಳಬಾರದಂತೆ ಬಾಗಿಲು ಮುಚ್ಚಬಲ್ಲ ಪ್ರಮಾಣ ದೊರೆತಾಗ ಮಾತ್ರ ಅದನ್ನು ಬಳಸುವುದು ಸಾಧು. ಆದುದರಿಂದಲೇ ಅದು ‘ಬರು’, ‘ನಂಬು’ ಎಂಬ ಕ್ರಿಯೆಗಳೊಡನೆ ಹೊಂದದು. ‘ರುಜುವಾತು ಮಾಡು’, ‘ತೋರಿಸಿಕೊಡು’, ‘ಅಲ್ಲಗಳೆ’ ಎಂಬವುಗಳ ಸಂಗವನ್ನು ಬಯಸುತ್ತದೆ.

ಈ ಭೇದವನ್ನು ಗಣಿತದ ಒಂದು ಪ್ರಸಂಗ ಚೆನ್ನಾಗಿ ತಿಳಿಸುತ್ತದೆ. 2ರ ವರ್ಗ 4. ಅದರ ವರ್ಗ 16. ಹೀಗೆ ವರ್ಗಿಸುತ್ತ ಹೋಗಿ ಪ್ರತಿಯೊಂದಕ್ಕೂ 1 ಕೂಡಿಸಿದರೆ 5, 17, 257, 65537 ದೊರೆಯುತ್ತವೆ. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಈ ಬಗೆಯ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೇ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ಬಲವಾಗಿ ನಂಬಿದನು. ಆದರೆ ಅದಕ್ಕೆ ನಿಖರವಾದ ಸಾಧನೆ ತನ್ನಲ್ಲಿಲ್ಲವೆಂದು 1640ರ ಪತ್ರವೊಂದರಲ್ಲಿ ಅವನೇ ತಿಳಿಸಿದನು. ನಂಬಿಕೆ ಎಷ್ಟು ದೃಢವಾಗಿದ್ದರೂ ಆ ದೊಡ್ಡ ವಿದ್ವಾಂಸನು ಬಾಗಿಲನ್ನು ಮುಚ್ಚಲಿಲ್ಲ.

1732ರಲ್ಲಿ ಆಯ್ಲರ್ ಎಂಬ ಗಣಿತಜ್ಞನು ಮುಂದಿನ ಸಂಖ್ಯೆಯಾದ 4294967297ನ್ನು ಪರೀಕ್ಷಿಸಿದನು. ಅದು 641 ಮತ್ತು 6700417ರ ಗುಣಲಬ್ಧವೆಂದು ತೋರಿಸಿಕೊಟ್ಟನು. ಗುಣಿಸಿ ನೋಡಿದ ಯಾರಿಗೂ ಅಲ್ಲಿ ಮರುಮಾತಿಲ್ಲ. ಫರ್ಮಾನ ಊಹೆಯನ್ನು ಆಯ್ಲರನು ‘ಕನ್‌ಕ್ಲೂಸಿವ್ಲಿ’ ಅಲ್ಲಗಳೆದನು ಎಂಬಲ್ಲಿ ಆ ಪದವು ತನ್ನ ಪೀಠದಲ್ಲಿ ಕುಳಿತಿದೆ. ಹೊಂದುವ ನಿದರ್ಶನಗಳು ಎಷ್ಟೇ ಇದ್ದರೂ ‘ಎಲ್ಲವೂ’ ಎಂಬ ಮಾತು ಸಿದ್ಧವಾಗದು. ಹೊಂದದ ಒಂದೇ ನಿದರ್ಶನ ಅದನ್ನು ಕೆಡವಲು ಸಾಕು.

ಸಂಖ್ಯೆಗಳ ವಿಷಯದಲ್ಲಿ ತಪ್ಪಿದ ಮಾತನ್ನು ತಿದ್ದಬಹುದು. ಮನುಷ್ಯರ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಕಳವಾದ ಮನೆಯ ಮುಂದೆ ಹಾದುಹೋದ ಬಡವನನ್ನು ನಾಲ್ವರು ಕಂಡಿರಬಹುದು. ಅಷ್ಟರಿಂದ ಅವನು ಕಳ್ಳನೆಂದು ‘ಸಾಬೀತಾಯಿತು’ ಎಂದುಬಿಟ್ಟರೆ, ಆ ಪದ ಮುಚ್ಚುವುದು ಸಂಶಯದ ಬಾಗಿಲನ್ನಲ್ಲ, ಅವನ ಬದುಕಿನ ಬಾಗಿಲನ್ನು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಹಿರಿಯರ ಗಾದೆ ಈ ಇಂಗ್ಲಿಷ್ ಪದಕ್ಕೂ ಒಪ್ಪುವ ವ್ಯಾಕರಣವಾಗಿದೆ.