ಜೆಪ್ಪುವಿನ ರೂಮು

ಉಳ್ಳಾಲದ ಕಡಲ ಬದಿ ರೂಮುಗಳೆಲ್ಲ ಫುಲ್ ಅಂತ ನಮ್ಮ ನಾಲ್ಕನೆಯವನಿಗೆ ಸುಳ್ಳು ಹೇಳಿಯೇ ನಾವು ಮೂವರು ಜೆಪ್ಪುವಿನಲ್ಲಿ ರೂಮು ಹಿಡಿದದ್ದು. ಅವನು ಈ ಸೆಮಿಸ್ಟರ್ ಫೀಸೇ ಇನ್ನೂ ಕಟ್ಟಿರಲಿಲ್ಲ. ಸಾಧಾರಣ ಹೋಟೆಲು: ಎರಡು ಮಂಚ, ನೆಲಕ್ಕೊಂದು ಹಾಸಿಗೆ, ಚೊಕ್ಕ ಬಚ್ಚಲು. ಕಡಲು ಕಾಣಲ್ಲ, ಕಿಟಕಿಯಾಚೆ ಹೆಂಚಿನ ಮಾಡುಗಳು. ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಇದೇ ಜೆಪ್ಪುವಿನಲ್ಲಂತೆ. ಸಿವಿಲ್ ಓದೋ ನಮಗೆ ಗೊತ್ತಿರಲಿಲ್ಲ, ಅವನೇ ಹೇಳಿದ.

ಬೆಳಿಗ್ಗೆ ಬನ್ಸ್ ತಿಂದು, ನೇತ್ರಾವತಿ ಸೇತುವೆ ದಾಟಿ ಉಳ್ಳಾಲಕ್ಕೆ ಹೋದ್ವಿ. ಅಲೆಗೆ ಕಾಲೊಡ್ಡಿ ನಿಂತಿದ್ದಾಗ ಕೇಳಿದ, "ರೂಮು ಫುಲ್ ಇರ್ಲಿಲ್ಲ, ಅಲ್ವಾ?"

ನಾವ್ಯಾರೂ ಮಾತಾಡಲಿಲ್ಲ.

"ಮಧ್ಯಾಹ್ನದ ಮೀನೂಟ ನಂದು" ಅಂದ. ಬೇಡ ಅನ್ನೋಕೆ ಹೊರಟ ಒಬ್ಬನ ಕಾಲನ್ನು ಉಳಿದಿಬ್ಬರು ಒಟ್ಟಿಗೇ ತುಳಿದ್ವಿ.