ಕೆನಡಾದ ಋತುಗಳ ನಡುವೆ ನಮ್ಮ ಸಂಸಾರ

2022ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ನಮ್ಮ ಕುಟುಂಬ ಧಾರವಾಡವನ್ನು ಬಿಟ್ಟು ಕೆನಡಾ ದೇಶದ ರಾಜಧಾನಿಯಾದ ಒಟ್ಟಾವಾ ನಗರವನ್ನು ಸೇರಿತು. ನಾನು, ನಮ್ಮ ಯಜಮಾನರು, ಒಂಬತ್ತು ಮತ್ತು ಆರು ವರುಷದ ಇಬ್ಬರು ಮಕ್ಕಳು. ಜೊತೆಗೆ ಎಪ್ಪತ್ತು ದಾಟಿದ ಅತ್ತೆಯವರು. ಆರು ತಿಂಗಳು ನಮ್ಮೊಡನಿದ್ದು, ಸಂಸಾರಕ್ಕೆ ಒಂದು ನೆಲೆ ಮಾಡಿಕೊಟ್ಟು ಹಿಂದಿರುಗುವೆನೆಂದು ಅವರು ಹೊರಟುಬಂದಿದ್ದರು. ಅಂದಿನಿಂದ ಇಂದಿನವರೆಗೆ ಊರಿನ ಬಂಧುಗಳು ನಮ್ಮನ್ನು ಕೇಳುತ್ತಿರುವ ಪ್ರಶ್ನೆ ಒಂದೇ: 'ಆ ಚಳಿಯಲ್ಲಿ ಹೇಗೆ ಬದುಕುತ್ತೀರಿ?' ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಅಲ್ಲಿಯ ಋತುಗಳನ್ನೂ ನೆರೆಹೊರೆಯನ್ನೂ ಒಟ್ಟಾಗಿಯೇ ವರ್ಣಿಸಬೇಕಾಗುತ್ತದೆ.

ಒಟ್ಟಾವಾ ನಗರವು ಅದೇ ಹೆಸರಿನ ನದಿಯ ದಂಡೆಯ ಮೇಲಿದೆ. ನದಿಯ ಈಚೆಗೆ ಆಂಟೇರಿಯೊ ಪ್ರಾಂತ. ಆಚೆಗೆ ಫ್ರೆಂಚ್ ಭಾಷೆಯ ಕ್ವಿಬೆಕ್ ಪ್ರಾಂತ. ಇದು ಮೂಲತಃ ಅಲ್ಗಾಂಕ್ವಿನ್ ಎಂಬ ಆದಿವಾಸಿ ಜನರ ನೆಲ. 1857ರಲ್ಲಿ ವಿಕ್ಟೋರಿಯಾ ರಾಣಿ ಈ ಊರನ್ನು ರಾಜಧಾನಿಯೆಂದು ಆರಿಸಿದಳು. ನಾವು ಬಂದಿಳಿದಾಗ ಶರತ್ಕಾಲ. ಚಳಿ ಸಮೀಪಿಸುತ್ತಿದ್ದಂತೆ ಎಲೆಗಳಲ್ಲಿಯ ಹಸಿರು ದ್ರವ್ಯ ಕರಗಿ, ಅದರ ಮರೆಯಲ್ಲಿದ್ದ ಹಳದಿ ಹೊರತೋರುತ್ತದೆ; ಮೇಪಲ್ ಮರದ ಎಲೆಗಳಲ್ಲಂತೂ ಹೊಸದಾಗಿ ಕೆಂಪು ತುಂಬಿಕೊಳ್ಳುತ್ತದೆ. ನದಿಯಾಚೆಯ ಗ್ಯಾಟಿನೊ ಬೆಟ್ಟಗಳು ಅರಿಷಿಣ ಕುಂಕುಮಗಳನ್ನು ಎರಚಿದಂತೆ ಕಾಣುತ್ತಿದ್ದವು. 1965ರಲ್ಲಿ ಕೆನಡಾ ತನ್ನ ಧ್ವಜದ ನಡುವೆ ಈ ಮೇಪಲ್ ಎಲೆಯನ್ನೇ ಇರಿಸಿಕೊಂಡುದರ ಅರ್ಥ ಅದನ್ನು ಕಂಡ ಮೇಲೆ ನಮಗಾಯಿತು.

ನಾವು ಬಾಡಿಗೆಗೆ ಹಿಡಿದ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದಲ್ಲಿ ವೃದ್ಧ ದಂಪತಿಗಳು. ಆಕೆ ನಿವೃತ್ತ ದಾದಿ, ಆತ ನಿವೃತ್ತ ಅಂಚೆ ನೌಕರ. ಬಂದ ಎರಡನೆಯ ವಾರ ಆಕೆ ಮಕ್ಕಳ ಕೈಗೆ ಒಂದು ಕಾಗದದ ಚೀಲ ಕೊಟ್ಟರು. ಒಳಗೆ ಹನ್ನೆರಡು ಟ್ಯೂಲಿಪ್ ಗಡ್ಡೆಗಳು. ನೆಲ ಹೆಪ್ಪುಗಟ್ಟುವ ಮೊದಲೇ ಗೇಣುದ್ದ ಆಳದಲ್ಲಿ ನೆಡಬೇಕೆಂದೂ, ಮೇ ತಿಂಗಳಲ್ಲಿ ಹೂ ಬರುವುದೆಂದೂ ಹೇಳಿದರು. ಅತ್ತೆಯವರು ಒಂದು ಗಡ್ಡೆಯನ್ನು ಅಂಗೈಯಲ್ಲಿಟ್ಟು ನೋಡಿ, "ಉಳ್ಳಾಗಡ್ಡಿ ಆಗಿದ್ದರ ಒಗ್ಗರಣಿಗಾದರೂ ಆಗ್ತಿದ್ದವು. ಹೆಪ್ಪುಗಟ್ಟೋ ಮಣ್ಣಾಗ ಹೂಳಿದರ ಏನು ಹುಟ್ಟೀತು?" ಎಂದರು. ಮಕ್ಕಳು ನೆಟ್ಟರು, ನಾವೆಲ್ಲ ಮರೆತೆವು.

ನವೆಂಬರ್ ತಿಂಗಳ ಮೊದಲ ಭಾನುವಾರ ಇಡೀ ಊರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿತು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಹೊತ್ತು ಮುಳುಗುತ್ತಿತ್ತು; ಬೆಳಿಗ್ಗೆ ಏಳೂವರೆ ಕಳೆದರೂ ಮೂಡುತ್ತಿರಲಿಲ್ಲ. ಕತ್ತಲಲ್ಲಿಯೇ ಎದ್ದು ಸ್ನಾನ ಮುಗಿಸುತ್ತಿದ್ದ ಅತ್ತೆಯವರು ಇಷ್ಟಲಿಂಗ ಪೂಜೆಗೆ ಕಿಟಕಿಯ ಬಳಿ ಕುಳಿತು, ಪೂಜೆ ಮುಗಿದರೂ ಬೆಳಕಾಗದಿದ್ದುದನ್ನು ಕಂಡು ಬೆರಗಾಗುತ್ತಿದ್ದರು. ಮಕ್ಕಳನ್ನು ಶಾಲೆಗೆ ಹೊರಡಿಸುವುದೆಂದರೆ ಒಂದು ಸಣ್ಣ ಯುದ್ಧಸನ್ನಾಹ: ಒಳ ಉಡುಪಿನ ಮೇಲೆ ಉಣ್ಣೆ, ಅದರ ಮೇಲೆ ದಪ್ಪ ಕೋಟು, ಹಿಮದ ಷರಾಯಿ, ಬೂಟು, ಕೈಚೀಲ, ಟೊಪ್ಪಿಗೆ. ಆದರೂ ಅಲ್ಲಿಯ ಶಾಲೆಗಳಲ್ಲಿ ಚಳಿ ತೀರ ಮಿತಿ ಮೀರಿದ ಹೊರತು ಬಿಡುವಿನ ವೇಳೆಯಲ್ಲಿ ಮಕ್ಕಳನ್ನು ಹೊರಗೆ ಆಡಲು ಕಳುಹಿಸಿಯೇ ತೀರುತ್ತಾರೆ. ಚಳಿಗೆ ಹೆದರಿ ಒಳಗೆ ಕೂರುವುದನ್ನಲ್ಲ, ಸಿದ್ಧರಾಗಿ ಹೊರಗೆ ಹೋಗುವುದನ್ನು ಅವರು ಮಕ್ಕಳಿಗೆ ಕಲಿಸುತ್ತಾರೆ.

ದಿನನಿತ್ಯದ ಕೆಲವು ಸಣ್ಣ ಸಂಗತಿಗಳು ನಮ್ಮನ್ನು ಆ ಊರಿಗೆ ಹತ್ತಿರ ತಂದವು. ಅಲ್ಲಿಯ ಜನ ಯಾರ ಮನೆಗೆ ಹೋದರೂ ಪಾದರಕ್ಷೆಗಳನ್ನು ಬಾಗಿಲಲ್ಲಿಯೇ ಕಳಚುತ್ತಾರೆ. ಪಕ್ಕದ ಮನೆಯ ಹಿರಿಯರು ನಮ್ಮ ಹೊಸ್ತಿಲಲ್ಲಿ ಬಗ್ಗಿ ಬೂಟು ಬಿಚ್ಚಿದುದನ್ನು ಕಂಡು ಅತ್ತೆಯವರ ಮುಖದಲ್ಲಿ ಮೂಡಿದ ಸಮಾಧಾನ ಇಂದಿಗೂ ನನ್ನ ಕಣ್ಣ ಮುಂದಿದೆ. ಬಸ್ಸಿನಿಂದ ಇಳಿಯುವಾಗ ಪ್ರಯಾಣಿಕರು ಚಾಲಕನಿಗೆ ಕೃತಜ್ಞತೆ ಹೇಳಿಯೇ ಇಳಿಯುತ್ತಾರೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಹಣ ಕೊಡದೆಯೇ ಮಕ್ಕಳು ಚೀಲ ತುಂಬ ಪುಸ್ತಕ ತರಬಹುದು. ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ರೊಟ್ಟಿ ಬೇಯಿಸಿದ ಮೊದಲ ದಿನವೇ ಹೊಗೆಯ ಎಚ್ಚರಿಕೆಯ ಗಂಟೆ ಮನೆಯೆಲ್ಲ ಮೊಳಗಿ, ಅತ್ತೆಯವರು ಲಟ್ಟಣಿಗೆ ಹಿಡಿದೇ ಬಾಗಿಲಿಗೆ ಓಡಿದರು!

ಹಿಮ ಬಿದ್ದಾಗ ನಗರಸಭೆಯ ವಾಹನಗಳು ಬಂದು ರಸ್ತೆಯ ಹಿಮವನ್ನು ಬದಿಗೆ ತಳ್ಳುತ್ತವೆ. ಆದರೆ ಹಾಗೆ ತಳ್ಳಿದ ಹಿಮ ಪ್ರತಿ ಮನೆಯ ದಾರಿಯ ಬಾಯಿಗೆ ಮೊಣಕಾಲೆತ್ತರದ ಒಡ್ಡಾಗಿ ನಿಲ್ಲುತ್ತದೆ. ಅದನ್ನು ತೆಗೆಯುವುದು ಮನೆಯವರ ಪಾಲಿನ ಕೆಲಸ. ನಮ್ಮ ಯಜಮಾನರು ರಾತ್ರಿ ಪಾಳಿ ಮುಗಿಸಿ ಮುಂಜಾನೆ ಬರುವಷ್ಟರಲ್ಲಿ ಆ ಒಡ್ಡು ಅನೇಕ ಬಾರಿ ಮಾಯವಾಗಿರುತ್ತಿತ್ತು. ಪಕ್ಕದ ಮನೆಯ ಹಿರಿಯರು ತಮ್ಮ ದಾರಿಯೊಡನೆ ನಮ್ಮದನ್ನೂ ತೆರವು ಮಾಡಿ, ಏನೂ ಹೇಳದೆ ಒಳಗೆ ಹೋಗಿಬಿಟ್ಟಿರುತ್ತಿದ್ದರು.

ರಾತ್ರಿ ಪಾಳಿ ಎಂದೆನಲ್ಲವೆ? ಧಾರವಾಡದಲ್ಲಿ ಒಂಬತ್ತು ವರುಷ ಸಿವಿಲ್ ಎಂಜಿನಿಯರ್ ಆಗಿ ಸೇತುವೆ ಕಟ್ಟಿಸಿದವರು ಇಲ್ಲಿ ಒಂದು ಉಗ್ರಾಣದಲ್ಲಿ ಪೆಟ್ಟಿಗೆಗಳನ್ನು ಎತ್ತಿಡುವ ಕೆಲಸದಲ್ಲಿದ್ದರು. ಯಾವ ಕೆಲಸವೂ ಕೀಳಲ್ಲವೆಂಬುದನ್ನು ನಾವು ಮನೆಯಲ್ಲಿ ಕೇಳಿಯೇ ಬೆಳೆದವರು. ಆದರೆ ಅದನ್ನು ಕೇಳುವುದು ಬೇರೆ, ಮಧ್ಯರಾತ್ರಿ ಹಿಮದಲ್ಲಿ ಬಸ್ಸಿಗಾಗಿ ಕಾದು ನಿಂತು ನಂಬುವುದು ಬೇರೆ. 2023ರ ಫೆಬ್ರವರಿ ಆರಂಭದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 30 ಡಿಗ್ರಿಗೂ ಕೆಳಗಿಳಿದ ಒಂದು ರಾತ್ರಿ ಅವರು ತಮ್ಮ ನಿರ್ಧಾರ ತಿಳಿಸಿದರು: ಏಪ್ರಿಲ್ ತಿಂಗಳಲ್ಲಿ ಅತ್ತೆಯವರೊಡನೆ ನಾನೂ ಮಕ್ಕಳೂ ಊರಿಗೆ ಹಿಂದಿರುಗುವುದು, ಅವರೊಬ್ಬರೇ ಇಲ್ಲಿದ್ದು ಒಂದೆರಡು ವರುಷ ನೋಡುವುದು. ನಾನು ಮರುಮಾತಾಡಲಿಲ್ಲ. ವಿಮಾನದ ಟಿಕೆಟುಗಳ ವಿಚಾರಣೆಯೂ ನಡೆಯಿತು.

ಆ ಚಳಿಗಾಲದಲ್ಲಿ ಊರಿಗೂ ಒಂದು ನಿರಾಶೆ ಕಾದಿತ್ತು. ನಗರದ ನಡುವೆ ರಿಡೊ ಕಾಲುವೆ ಹರಿಯುತ್ತದೆ. ಒಟ್ಟಾವಾದಿಂದ ಕಿಂಗ್‌ಸ್ಟನ್‌ವರೆಗೆ 202 ಕಿಲೋಮೀಟರ್ ಉದ್ದದ ಈ ಜಲಮಾರ್ಗವು ಕರ್ನಲ್ ಜಾನ್ ಬೈ ಅವರ ನೇತೃತ್ವದಲ್ಲಿ ನಿರ್ಮಾಣವಾಗಿ 1832ರಲ್ಲಿ ತೆರೆಯಿತು. ಅದನ್ನು ತೋಡುವಾಗ ಸುಮಾರು ಸಾವಿರ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಈ ಶೀತದೇಶದಲ್ಲಿಯೂ ಮಲೇರಿಯಾ ಜ್ವರವೆಂದರೆ ಆಶ್ಚರ್ಯವಾಗುತ್ತದೆ. ಚಳಿಗಾಲದಲ್ಲಿ ಕಾಲುವೆಯ 7.8 ಕಿಲೋಮೀಟರ್ ಭಾಗ ಗಟ್ಟಿಯಾಗಿ ಹೆಪ್ಪುಗಟ್ಟಿ, ಸಾವಿರಾರು ಜನ ಅದರ ಮೇಲೆ ಜಾರುತ್ತ ಸಾಗುತ್ತಾರೆ. ಕೆಲವರು ಕಚೇರಿಗೂ ಹಾಗೆಯೇ ಹೋಗುತ್ತಾರೆ. ಅದಕ್ಕೆ ಸುಮಾರು 30 ಸೆಂಟಿಮೀಟರ್ ದಪ್ಪದ ಮಂಜುಗಡ್ಡೆ ಬೇಕು. 1970-71ರ ಚಳಿಗಾಲದಿಂದ ಪ್ರತಿವರ್ಷ ತೆರೆಯುತ್ತ ಬಂದಿದ್ದ ಆ ಹಾದಿ, ನಾವು ಬಂದ ವರುಷ ಮೊದಲ ಬಾರಿಗೆ ತೆರೆಯಲೇ ಇಲ್ಲ. ಕೆಲವು ದಿನ ಮೈ ಕೊರೆಯುವ ಚಳಿಯಿದ್ದರೂ ಒಟ್ಟಿನಲ್ಲಿ ಋತು ಬೆಚ್ಚಗಿತ್ತು. ಹಳೆಯ ಜೋಡುಗಳನ್ನು ಕೊಂಡುತಂದಿದ್ದ ನಮ್ಮ ಮಕ್ಕಳು ಅತ್ತರು. ಪಕ್ಕದ ಮನೆಯ ಹಿರಿಯರಿಗಾದ ವ್ಯಥೆ ಮಕ್ಕಳದಕ್ಕಿಂತ ದೊಡ್ಡದಾಗಿತ್ತು. ಮಳೆಗಾಗಿ ಮುಗಿಲು ನೋಡುವ ನಮ್ಮ ಒಕ್ಕಲಿಗನಂತೆ ಅವರು ದಿನವೂ ಮಂಜುಗಡ್ಡೆಯ ಸುದ್ದಿ ಕೇಳುತ್ತಿದ್ದರು. ಜಗತ್ತು ಬಿಸಿಯಾಗುತ್ತಿದೆಯೆಂಬ ಮಾತನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಚಳಿಯನ್ನು ಪ್ರೀತಿಸುವವರ ಮುಖದಲ್ಲಿ ಅದನ್ನು ಕಂಡೆವು.

ಮಾರ್ಚ್ ಕೊನೆಯಲ್ಲಿ ದಂಪತಿಗಳು ನಮ್ಮನ್ನು ಮೇಪಲ್ ತೋಪಿಗೆ ಕರೆದೊಯ್ದರು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿತವಾದ ಬಿಸಿಲು ಇರುವ ಆ ಕೆಲವೇ ವಾರಗಳಲ್ಲಿ ಮರದ ರಸ ಒಸರುತ್ತದೆ. ಈ ವಿದ್ಯೆ ಮೊದಲು ತಿಳಿದಿದ್ದುದು ಅಲ್ಲಿಯ ಆದಿವಾಸಿಗಳಿಗೆ. ನೀರಿನಂತಿರುವ ಸುಮಾರು 40 ಲೀಟರ್ ರಸವನ್ನು ಕುದಿಸಿದರೆ ಒಂದು ಲೀಟರ್ ಪಾಕ. ಮರದ ಗುಡಿಸಲು, ಉರಿಯುವ ಒಲೆ, ಅಗಲವಾದ ಬಾಣಲೆ, ಮುಗಿಲಿಗೇರುವ ಆವಿ! ಅತ್ತೆಯವರು ಒಳಗೆ ಕಾಲಿಟ್ಟವರೇ, "ಇದು ನಮ್ಮ ಆಲೆಮನಿನ ಅಲ್ಲೇನು!" ಎಂದು ಉದ್ಗರಿಸಿದರು. ಕಾದ ಪಾಕವನ್ನು ಹಿಮದ ಮೇಲೆ ಸುರಿದು, ಗಟ್ಟಿಯಾದುದನ್ನು ಕಡ್ಡಿಗೆ ಸುತ್ತಿ ಕೊಟ್ಟರು. ಬಿಸಿ ಬೆಲ್ಲದ ರುಚಿ ಬಲ್ಲ ನಾಲಿಗೆಗೆ ಅದು ಹೊಸದೆನಿಸಲಿಲ್ಲ.

2023ರ ಏಪ್ರಿಲ್ 5ರಂದು, ಪ್ರಯಾಣಕ್ಕೆ ಇನ್ನೊಂದು ವಾರವಿರುವಾಗ, ನೀರ್ಗಲ್ಲಿನ ಬಿರುಗಾಳಿ ಬೀಸಿತು. ಸುರಿದ ಮಳೆ ಬಿದ್ದಲ್ಲಿಯೇ ಗಾಜಾಗಿ, ಅಂಗಳದ ಮರದ ದೊಡ್ಡ ಕೊಂಬೆ ಭಾರ ತಾಳದೆ ಮುರಿಯಿತು. ವಿದ್ಯುತ್ತು ಹೋಯಿತು. ಮನೆ ಕಾಯಿಸುವ ಯಂತ್ರ ಅನಿಲದ್ದಾದರೂ ಅದರ ಬೀಸಣಿಗೆಗೆ ವಿದ್ಯುತ್ತು ಬೇಕು. ಕತ್ತಲಾಗುವಷ್ಟರಲ್ಲಿ ಕೋಣೆಗಳು ತಣ್ಣಗಾದವು. ಉಬ್ಬಸವಿದ್ದ ಅತ್ತೆಯವರ ಉಸಿರು ಬಿಗಿಯತೊಡಗಿತು. ಮಗ ಕೆಲಸದ ಸ್ಥಳದಲ್ಲಿ ಸಿಕ್ಕಿಬಿದ್ದಿದ್ದರು. ನಾನು ಮಾಡುವುದೇನೆಂದು ತಿಳಿಯದೆ ನಿಂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯಾಕೆ ದೀಪ ಹಿಡಿದು ಬಂದು, ಅತ್ತೆಯವರ ನಾಡಿ ಹಿಡಿದು ನೋಡಿ, "ಎಲ್ಲರೂ ನಮ್ಮ ಮನೆಗೆ ನಡೆಯಿರಿ, ಅಲ್ಲಿ ಸೌದೆಯ ಒಲೆಯಿದೆ" ಎಂದರು. ಮಂಜುಗಟ್ಟಿದ ನಾಲ್ಕು ಮೆಟ್ಟಿಲುಗಳನ್ನು ಅವರನ್ನು ಇಬ್ಬರೂ ಹಿಡಿದು ಇಳಿಸಿದೆವು.

ಮೂರನೆಯ ದಿನ ವಿದ್ಯುತ್ತು ಬರುವವರೆಗೆ ಎರಡು ಸಂಸಾರಗಳು ಒಂದೇ ಒಲೆಯ ಮುಂದೆ ಕಳೆದವು. ಒಲೆಯ ಮೇಲೆ ನಾನು ಉಪ್ಪಿಟ್ಟು ಮಾಡಿದೆ. ಆಕೆ ಸಾರು ಕಾಯಿಸಿದರು. ಕಾವು ತಾಗಿದ ಮೇಲೆ ಅತ್ತೆಯವರ ಉಸಿರು ಸಡಿಲವಾಯಿತು. ಮುಂಜಾನೆ ಅವರು ಮೂಲೆಯಲ್ಲಿ ಲಿಂಗಪೂಜೆಗೆ ಕುಳಿತಾಗ ಆ ಹಿರಿಯರು ತಾವು ಕೇಳುತ್ತಿದ್ದ ರೇಡಿಯೋವನ್ನು ನಿಲ್ಲಿಸಿ, ಪೂಜೆ ಮುಗಿಯುವವರೆಗೆ ಸುಮ್ಮನೆ ಕುಳಿತರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಇಂಗ್ಲಿಷ್ ಬಾರದು. ಆದರೂ ಆ ಇಬ್ಬರು ಮುದುಕಿಯರು ಬೆಂಕಿಯ ಮುಂದೆ ಬಹಳ ಹೊತ್ತು ಏನೋ ಮಾತಾಡಿಕೊಂಡರು. ದಾಸೋಹವೆಂಬ ಮಾತನ್ನು ಕೇಳದವರ ಮನೆಯಲ್ಲಿ ನಾವು ಆ ಮೂರು ದಿನ ಉಂಡೆವು.

ಮನೆಗೆ ಮರಳಿದ ರಾತ್ರಿ ಅತ್ತೆಯವರು ಮಗನನ್ನು ಕರೆದು ಹೇಳಿದರು: "ಇವರನ್ನ ನನ್ನ ಸಂಗಾಟ ಕಳಸಬ್ಯಾಡ. ಸಂಸಾರ ಒಂದ ಕಡೆ ಇರಲಿ. ನಾ ಅಂಜಿದ್ದು ಥಂಡಿಗಲ್ಲ, ನಿಮಗ ಯಾರೂ ಇಲ್ಲ ಅಂತ ಅಂಜಿದ್ದೆ. ಇಲ್ಲೂ ಮಂದಿ ಅದಾರ." ಮುಂದಿನ ವಾರ ಅವರೊಬ್ಬರೇ ಊರಿಗೆ ಹೊರಟರು. ತಮ್ಮನ ಮನೆಯ ಪಕ್ಕದಲ್ಲಿಯೇ ಇರುವರೆಂಬ ಧೈರ್ಯವಿದ್ದರೂ, ಅವರನ್ನು ಕಳುಹಿಸಿಕೊಟ್ಟ ನೋವು ನಮಗೆ ಇನ್ನೂ ಮಾಸಿಲ್ಲ; ಮಾಸಿತೆಂದು ಬರೆದರೆ ಸುಳ್ಳಾದೀತು.

ಮೇ ತಿಂಗಳ ಎರಡನೆಯ ವಾರ ಅಂಗಳದಲ್ಲಿ ಹನ್ನೊಂದು ಟ್ಯೂಲಿಪ್‌ಗಳು ಅರಳಿದವು. ಊರಿನಲ್ಲಿ ಲಕ್ಷೋಪಲಕ್ಷ ಅರಳಿದ್ದವು. ಅದಕ್ಕೊಂದು ಚರಿತ್ರೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಹಾಲೆಂಡನ್ನು ಆಕ್ರಮಿಸಿದಾಗ ಅಲ್ಲಿಯ ರಾಜಕುಮಾರಿ ಜೂಲಿಯಾನಾ ಮಕ್ಕಳೊಡನೆ ಒಟ್ಟಾವಾದಲ್ಲಿ ಆಶ್ರಯ ಪಡೆದಳು. 1943ರ ಜನವರಿಯಲ್ಲಿ ಇಲ್ಲಿಯೇ ಅವಳಿಗೆ ಮಾರ್ಗ್ರೀಟ್ ಎಂಬ ಮಗಳು ಹುಟ್ಟಿದಳು. ಮಗು ಡಚ್ ಪ್ರಜೆಯಾಗಿಯೇ ಉಳಿಯಲೆಂದು ಕೆನಡಾ ಸರಕಾರವು ಆಸ್ಪತ್ರೆಯ ಆ ಹೆರಿಗೆಯ ಕೋಣೆ ತನ್ನ ನೆಲವಲ್ಲವೆಂದು ತಾತ್ಕಾಲಿಕವಾಗಿ ಸಾರಿತು. ಉಪಕಾರ ಸ್ಮರಣೆಗಾಗಿ 1945ರಲ್ಲಿ ಹಾಲೆಂಡ್ ಒಂದು ಲಕ್ಷ ಗಡ್ಡೆಗಳನ್ನು ಕಳುಹಿಸಿತು. ಇಂದಿಗೂ ಪ್ರತಿವರ್ಷ ಸಾವಿರಾರು ಗಡ್ಡೆಗಳು ಬರುತ್ತವೆ. 1953ರಿಂದ ಟ್ಯೂಲಿಪ್ ಉತ್ಸವವೂ ನಡೆಯುತ್ತಿದೆ.

ಹೂವಿನ ಛಾಯಾಚಿತ್ರವನ್ನು ಅತ್ತೆಯವರಿಗೆ ಕಳುಹಿಸಿ, ಅವು ಹೇಗೆ ಬದುಕಿದವೆಂದು ಪಕ್ಕದ ಮನೆಯಾಕೆಯನ್ನು ಕೇಳಿದೆ. ಆಕೆಯ ಉತ್ತರದಿಂದ ನನಗೆ ತಿಳಿದುದಿಷ್ಟು: ಟ್ಯೂಲಿಪ್ ಗಡ್ಡೆಯು ಚಳಿಯನ್ನು ಸಹಿಸಿಕೊಂಡು ಬದುಕುವುದು ಮಾತ್ರವಲ್ಲ, ಮೂರು ನಾಲ್ಕು ತಿಂಗಳು ತಣ್ಣನೆಯ ಮಣ್ಣಿನಲ್ಲಿ ಇರದಿದ್ದರೆ ಅದು ಸರಿಯಾಗಿ ಹೂ ಬಿಡುವುದೇ ಇಲ್ಲ.

ಎಲ್ಲವೂ ಹೂವಿನ ಹಾಸಿಗೆಯೆಂದು ಹೇಳಲಾರೆ. ಆ ಜೂನ್ ತಿಂಗಳಲ್ಲಿ, ರಾತ್ರಿ ಒಂಬತ್ತರವರೆಗೂ ಬೆಳಕಿರುವ ಸುಂದರ ದಿನಗಳಲ್ಲಿಯೇ, ಕ್ವಿಬೆಕ್ ಕಾಡುಗಳ ಬೆಂಕಿಯ ಹೊಗೆ ಊರನ್ನು ಮುಸುಕಿ, ಸೂರ್ಯ ಕೆಂಪು ಬಿಲ್ಲೆಯಂತೆ ಕಂಡ. 2023ರಲ್ಲಿ ಕೆನಡಾದಲ್ಲಿ ಸುಟ್ಟ ಕಾಡು 1.5 ಕೋಟಿ ಹೆಕ್ಟೇರಿಗೂ ಹೆಚ್ಚು. ಮುಂದಿನ ಚಳಿಗಾಲವೂ ಕಾಲುವೆ ಕೆಲವೇ ದಿನ ತೆರೆಯಿತು. 2024ರ ಕೊನೆಗೆ ಯಜಮಾನರಿಗೆ ತಮ್ಮ ವೃತ್ತಿಗೆ ಸಮೀಪದ ಕೆಲಸ ದೊರೆಯಿತು. 2025ರ ಜನವರಿಯಲ್ಲಿ ಕಾಲುವೆ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ, ಚಿಕ್ಕದಾಗಿದ್ದ ಜೋಡುಗಳನ್ನು ಬದಲಿಸಿ ಮಕ್ಕಳು ಅದರ ಮೇಲೆ ಜಾರಿದರು. ಪಕ್ಕದ ಮನೆಯ ಹಿರಿಯರು ದಂಡೆಯ ಮೇಲೆ ನಿಂತು ನೋಡಿದರು. ಅವರಿಗೆ ಈಗ ಬೆನ್ನು ನೋವು. ಹಿಮ ಬಿದ್ದ ಬೆಳಿಗ್ಗೆ ಅವರ ದಾರಿಯನ್ನು ತೆರವು ಮಾಡುವವರು ನಮ್ಮ ಯಜಮಾನರು.

ಆ ವರುಷದ ಅಕ್ಟೋಬರಿನಲ್ಲಿ ನಮ್ಮ ಬೀದಿಗೆ ಬೇರೊಂದು ದೇಶದಿಂದ ಹೊಸ ಸಂಸಾರ ಬಂದಿತು. ಮಕ್ಕಳು ಒಂದು ಚೀಲದಲ್ಲಿ ಹನ್ನೆರಡು ಗಡ್ಡೆಗಳನ್ನು ಕೊಟ್ಟುಬಂದರು. ಆ ಮನೆಯ ಅಜ್ಜಿ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅನುಮಾನದಿಂದ ನೋಡಿದರಂತೆ.